ಆಪರೇಷನ್ ವೇಳೆ ಮಿದುಳಿನ ಆಕ್ಸಿಜನ್ ಮೇಲೆ ಕಣ್ಣಿಡುವುದು ಹೇಗೆ: ಸೆನ್ಸರ್ ಅಂಟಿಸುವುದರಿಂದ ಐಸಿಯುಗೆ ಒಪ್ಪಿಸುವವರೆಗೆ ಸಮಗ್ರ ಮಾರ್ಗದರ್ಶಿ

ಬೆರಳಿಗೆ ಹಾಕಿದ ಕ್ಲಿಪ್ ಶೇ. 99 ತೋರಿಸುತ್ತಿದೆ. ಬಿಪಿ ಪರವಾಗಿಲ್ಲ. ಇಸಿಜಿಯಲ್ಲೂ ತೊಂದರೆ ಕಾಣುತ್ತಿಲ್ಲ. ಆದರೂ ಅದೇ ಹೊತ್ತಿಗೆ ಮಿದುಳಿನ ಒಂದು ಬದಿಗೆ ರಕ್ತ ಸರಿಯಾಗಿ ಹೋಗದೇ ಇರಬಹುದು. ಎಚ್ಚರ ಇರುವವರಾದರೆ ತಲೆ ಸುತ್ತುತ್ತಿದೆ ಅನ್ನುತ್ತಾರೆ, ಮಾತು ತೊದಲುತ್ತದೆ, ಒಂದು ಕೈ ಸೋಲುತ್ತದೆ. ಅರಿವಳಿಕೆಯಲ್ಲಿ ಮಲಗಿದವರು ಏನನ್ನೂ ಹೇಳುವುದಿಲ್ಲ. ಅವರ ಪರವಾಗಿ ನೋಡಬೇಕಾದವರು ನಾವೇ.

ಇದಕ್ಕೆಂದೇ ಇರುವ ಯಂತ್ರ ಸೆರೆಬ್ರಲ್ ಆಕ್ಸಿಮೀಟರ್. ಹಣೆಗೆ ಎರಡು ಪಟ್ಟಿ ಅಂಟಿಸುತ್ತೇವೆ, ಪರದೆ ಮೇಲೆ ಎರಡು ನಂಬರ್ ಬರುತ್ತವೆ. ಬಳಸುವುದು ಸುಲಭ, ಅರ್ಥ ಮಾಡಿಕೊಳ್ಳುವುದು ಅಷ್ಟು ಸುಲಭ ಅಲ್ಲ. ಅರಿವಳಿಕೆ ಕಲಿಯುತ್ತಿರುವ ಡಾಕ್ಟರುಗಳು, ಓಟಿ ಟೆಕ್ನಿಷಿಯನ್‌ಗಳು, ನರ್ಸ್‌ಗಳು, ಹೃದಯ ನಿಲ್ಲಿಸಿದಾಗ ರಕ್ತ ಹರಿಸುವ ಮಷೀನ್ ನಡೆಸುವ ಪರ್ಫ್ಯೂಷನಿಸ್ಟ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಮನೆಯವರಿಗೆ ದೊಡ್ಡ ಆಪರೇಷನ್ ಇದ್ದು, ಹಣೆಗೆ ಅಂಟಿಸುವ ಆ ಪಟ್ಟಿ ಏನು ಅಂತ ತಿಳಿಯಬೇಕು ಅನ್ನುವವರೂ ಓದಬಹುದು. ಔಷಧಿ, ರಕ್ತ, ಪಂಪ್ ಇವುಗಳ ತೀರ್ಮಾನ ಮಾತ್ರ ಯಾವತ್ತೂ ಆ ಕೋಣೆಯಲ್ಲಿರುವ ತಜ್ಞರದ್ದು.

ಮೊದಲು, ಈ ನಂಬರ್ ಏನು ಹೇಳುತ್ತದೆ?

ಮಿದುಳಿನ ತೂಕ ದೇಹದ ತೂಕದಲ್ಲಿ ಸುಮಾರು ಶೇ. 2 ಮಾತ್ರ. ಆದರೆ ದೇಹ ಬಳಸುವ ಆಕ್ಸಿಜನ್‌ನಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ಕೂಡಿಟ್ಟುಕೊಳ್ಳುವ ವ್ಯವಸ್ಥೆ ಇಲ್ಲ. ರಕ್ತ ಪೂರ್ತಿ ನಿಂತರೆ ಕೆಲವೇ ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ, ಕೆಲವೇ ನಿಮಿಷಗಳಲ್ಲಿ ಜೀವಕೋಶಗಳು ಸಾಯತೊಡಗುತ್ತವೆ.

ಕತ್ತಲಲ್ಲಿ ಅಂಗೈ ಕೆಳಗೆ ಟಾರ್ಚ್ ಹಿಡಿದು ನೋಡಿದ್ದೀರಲ್ವಾ? ಬೆರಳುಗಳು ಕೆಂಪಗೆ ಹೊಳೆಯುತ್ತವೆ. ಕೆಂಪು ಬೆಳಕು ಮಾಂಸದೊಳಗೆ ಸಾಕಷ್ಟು ದೂರ ಹೋಗುತ್ತದೆ. ಕಣ್ಣಿಗೆ ಕಾಣದ, ಕೆಂಪಿನಾಚೆಯ ಬೆಳಕು ಇನ್ನೂ ಆಳಕ್ಕೆ ಹೋಗುತ್ತದೆ, ತಲೆಬುರುಡೆಯನ್ನೂ ದಾಟುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿದ್ದ ಫ್ರಾನ್ಸ್ ಯೋಬ್ಸಿಸ್ 1977ರಲ್ಲಿ ಇದನ್ನು ತೋರಿಸಿಕೊಟ್ಟರು. ಆಕ್ಸಿಜನ್ ಹೊತ್ತ ಹಿಮೋಗ್ಲೋಬಿನ್ ಮತ್ತು ಆಕ್ಸಿಜನ್ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಈ ಬೆಳಕನ್ನು ಬೇರೆ ಬೇರೆ ರೀತಿ ಹೀರುತ್ತವೆ. ಆ ವ್ಯತ್ಯಾಸವೇ ನಮ್ಮ ಲೆಕ್ಕದ ಆಧಾರ: ಅಲ್ಲಿನ ಹಿಮೋಗ್ಲೋಬಿನ್‌ನಲ್ಲಿ ನೂರಕ್ಕೆ ಎಷ್ಟು ಪಾಲು ಆಕ್ಸಿಜನ್ ಹೊತ್ತಿದೆ ಅನ್ನುವುದೇ ಪರದೆಯ ನಂಬರ್.

ಪಟ್ಟಿಯಲ್ಲಿ ಬೆಳಕು ಬಿಡುವ ಒಂದು ದೀಪ ಇರುತ್ತದೆ. ವಾಪಸ್ ಬಂದ ಬೆಳಕನ್ನು ಹಿಡಿಯಲು ಎರಡೋ ಜಾಸ್ತಿಯೋ ಕಣ್ಣುಗಳಿರುತ್ತವೆ. ಹೆಚ್ಚು ಬಳಕೆಯಲ್ಲಿರುವ ಒಂದು ವಿನ್ಯಾಸದಲ್ಲಿ ಒಂದು ಕಣ್ಣು ದೀಪದಿಂದ 3 ಸೆಂ.ಮೀ. ದೂರ, ಇನ್ನೊಂದು 4 ಸೆಂ.ಮೀ. ದೂರ. ಹತ್ತಿರದ ಕಣ್ಣಿಗೆ ಸಿಗುವುದು ಬಹುಪಾಲು ಚರ್ಮ ಮತ್ತು ಮೂಳೆಯ ಸುದ್ದಿ. ದೂರದ ಕಣ್ಣಿಗೆ ಅದರ ಜೊತೆ ಮಿದುಳಿನ ಸುದ್ದಿಯೂ ಸಿಗುತ್ತದೆ. ದೂರದ್ದರಿಂದ ಹತ್ತಿರದ್ದನ್ನು ಕಳೆದರೆ ಮಿದುಳಿನ ಹೊರಪದರದ ಪಾಲು ಉಳಿಯುತ್ತದೆ. ಈ ಕಳೆಯುವ ಲೆಕ್ಕ ಪೂರ್ತಿ ಶುದ್ಧ ಅಲ್ಲ. ಅದರ ಪರಿಣಾಮವನ್ನು ಮುಂದೆ ನೋಡೋಣ.

ಒಂದು ಮುಖ್ಯ ವಿಷಯ. ಬೆರಳಿನ ಕ್ಲಿಪ್ ನೋಡುವುದು ಶುದ್ಧ ರಕ್ತನಾಳದ ರಕ್ತವನ್ನು, ಅದೂ ನಾಡಿ ಮಿಡಿದಾಗ ಮಾತ್ರ. ಹಣೆಯ ಪಟ್ಟಿ ಆ ಜಾಗದಲ್ಲಿರುವ ಎಲ್ಲ ರಕ್ತವನ್ನೂ ಒಟ್ಟಿಗೆ ನೋಡುತ್ತದೆ. ಅದರಲ್ಲಿ ಶೇ. 70ರಿಂದ 75ರಷ್ಟು ಅಶುದ್ಧ ರಕ್ತ ಅಂತ ಯಂತ್ರಗಳು ಲೆಕ್ಕ ಹಿಡಿಯುತ್ತವೆ. ಟ್ಯಾಂಕಿಗೆ ಎಷ್ಟು ನೀರು ಬಂತು ಅನ್ನುವುದಕ್ಕಿಂತ, ಬಳಸಿದ ಮೇಲೆ ಎಷ್ಟು ಉಳಿಯಿತು ಅಂತ ನೋಡಿದ ಹಾಗೆ ಇದು. ಬರುವುದು ಕಡಿಮೆಯಾದರೂ ನಂಬರ್ ಇಳಿಯುತ್ತದೆ, ಬಳಕೆ ಜಾಸ್ತಿಯಾದರೂ ಇಳಿಯುತ್ತದೆ. ಇನ್ನೊಂದು ಅನುಕೂಲವೂ ಇದೆ: ಇದಕ್ಕೆ ನಾಡಿಮಿಡಿತ ಬೇಕಾಗಿಲ್ಲ. ಹೃದಯ ನಿಲ್ಲಿಸಿ ಹಾರ್ಟ್-ಲಂಗ್ ಮಷೀನ್ ಮೇಲೆ ರೋಗಿ ಇರುವಾಗ, ಬೆರಳಿನ ಕ್ಲಿಪ್ ಕೈಕೊಟ್ಟರೂ ಇದು ಕೆಲಸ ಮಾಡುತ್ತದೆ.

ಯಾರಿಗೆ ಹಾಕಬೇಕು?

ಪ್ರತಿ ಆಪರೇಷನ್‌ಗೂ ಬೇಕಿಲ್ಲ. ಹೃದಯದ ಆಪರೇಷನ್, ಮಹಾಪಧಮನಿಯ ಕಮಾನಿನ ರಿಪೇರಿ, ಕತ್ತಿನ ಕೆರೋಟಿಡ್ ರಕ್ತನಾಳ ಬಿಡಿಸುವ ಆಪರೇಷನ್, ಕೂರಿಸಿ ಮಾಡುವ ಭುಜದ ಆಪರೇಷನ್, ಹುಟ್ಟಿನಿಂದಲೇ ಹೃದಯದ ತೊಂದರೆ ಇರುವ ಮಕ್ಕಳ ಆಪರೇಷನ್ ಇವುಗಳಲ್ಲಿ ಇದರ ಉಪಯೋಗ ಜಾಸ್ತಿ. ಹಿಂದೆ ಪಾರ್ಶ್ವವಾಯು ಆಗಿದ್ದವರಿಗೆ, ರಕ್ತ ಜಾಸ್ತಿ ಹೋಗುವ ನಿರೀಕ್ಷೆ ಇರುವ ವಯಸ್ಸಾದವರಿಗೆ ಕೂಡ ನಾನು ಹಾಕುವ ಪರ.

ಹಂತ 1: ಹಣೆ ತಯಾರು ಮಾಡಿ, ಪಟ್ಟಿ ಅಂಟಿಸಿ

ಯಂತ್ರದ ಹೆಚ್ಚಿನ ತಪ್ಪು ಓದುಗಳು, ಅಂದರೆ ತಪ್ಪು ನಂಬರುಗಳು, ಇಲ್ಲೇ ಹುಟ್ಟುತ್ತವೆ. ಹಣೆಯ ಬೆವರು, ಎಣ್ಣೆ, ಪೌಡರ್, ಕುಂಕುಮ ಯಾವುದಿದ್ದರೂ ಸ್ಪಿರಿಟ್ ಹತ್ತಿಯಿಂದ ಒರೆಸಿ. ಪೂರ್ತಿ ಒಣಗಲಿ. ಒದ್ದೆ ಚರ್ಮಕ್ಕೆ ಅಂಟಿಸಿದ ಪಟ್ಟಿ ಅರ್ಧ ಗಂಟೆಯಲ್ಲಿ ಅಂಚು ಬಿಡುತ್ತದೆ, ಅಲ್ಲಿಂದ ಹೊರಗಿನ ಬೆಳಕು ನುಗ್ಗುತ್ತದೆ.

ಹುಬ್ಬಿನಿಂದ ಒಂದೆರಡು ಸೆಂ.ಮೀ. ಮೇಲೆ, ಎಡಕ್ಕೊಂದು ಬಲಕ್ಕೊಂದು ಪಟ್ಟಿ. ಹಣೆಯ ನಟ್ಟನಡುವೆ ಬೇಡ. ಅಲ್ಲಿ ಮೂಳೆಯ ಕೆಳಗೇ ದೊಡ್ಡ ಅಶುದ್ಧ ರಕ್ತನಾಳ ಹಾದುಹೋಗುತ್ತದೆ, ಓದು ಕೆಡುತ್ತದೆ. ಹುಬ್ಬಿಗೆ ತೀರಾ ತಾಗಿಸಿದರೆ ಮೂಳೆಯೊಳಗಿನ ಗಾಳಿಗೂಡು ಅಡ್ಡ ಬರುತ್ತದೆ. ಕೂದಲ ಮೇಲೆ, ಹಳೇ ಗಾಯದ ಕಲೆ ಮೇಲೆ, ರಕ್ತ ಹೆಪ್ಪುಗಟ್ಟಿ ಊದಿದ ಜಾಗದ ಮೇಲೆ ಅಂಟಿಸಬೇಡಿ.

ಅರಿವಳಿಕೆಯ ಆಳ ನೋಡುವ ಬಿಸ್ ಪಟ್ಟಿಯೂ ಹಣೆಗೇ ಬರಬೇಕು. ಹಣೆ ಇರುವುದು ಇಷ್ಟೇ ಅಗಲ. ಮೊದಲು ಆಕ್ಸಿಮೀಟರ್ ಪಟ್ಟಿಗಳನ್ನು ಅಂಟಿಸಿ, ಆಮೇಲೆ ಬಿಸ್‌ಗೆ ಜಾಗ ಹುಡುಕಿ. ಒಂದರ ಮೇಲೊಂದು ಹತ್ತಿಸಬೇಡಿ. ಮಗುವಿಗೆ ಮಗುವಿನ ಅಳತೆಯ ಪಟ್ಟಿಯೇ ಬೇಕು. ದೊಡ್ಡವರ ಪಟ್ಟಿ ಹಾಕಿದರೆ ದೀಪ ಮತ್ತು ಕಣ್ಣಿನ ದೂರವೇ ತಪ್ಪಾಗುತ್ತದೆ.

ಅಂಟಿಸಿದ ಮೇಲೆ ಬೆರಳಿನಿಂದ ಅಂಚಿನ ಸುತ್ತ ಒಮ್ಮೆ ಒತ್ತಿ ಬನ್ನಿ. ಯಾವ ವೈರ್ ಎಡ, ಯಾವುದು ಬಲ ಅಂತ ಗುರುತು ಹಾಕಿ, ಪರದೆಯಲ್ಲೂ ಅದೇ ಬದಿ ಬರುತ್ತಿದೆಯಾ ನೋಡಿ. ಎಡ-ಬಲ ಅದಲು ಬದಲಾದರೆ ಮುಂದೆ ಕಷ್ಟದ ಹೊತ್ತಿನಲ್ಲಿ ಇಡೀ ಯೋಚನೆಯೇ ದಾರಿ ತಪ್ಪುತ್ತದೆ. ಓಟಿ ಲೈಟ್ ನೇರ ಹಣೆ ಮೇಲೆ ಬೀಳುವಂತಿದ್ದರೆ ಮೇಲೊಂದು ಗಾಢ ಬಣ್ಣದ ಬಟ್ಟೆ ಹೊದಿಸಿ.

ಬೋರಲು ಮಲಗಿಸುವ ಆಪರೇಷನ್ ಆದರೆ ಇನ್ನೊಂದು ಎಚ್ಚರ. ತಲೆಯ ಭಾರ ಪಟ್ಟಿಯ ಮೇಲೆ ಬಿದ್ದು ಗಂಟೆಗಟ್ಟಲೆ ಒತ್ತಿದರೆ ಹಣೆಯ ಚರ್ಮ ಗಾಯವಾಗುತ್ತದೆ. ತಲೆದಿಂಬಿನ ಆಕಾರ ಮೊದಲೇ ನೋಡಿಕೊಳ್ಳಿ.

ಹಂತ 2: ಬೇಸ್‌ಲೈನ್ (ಶುರುವಿನ ನಂಬರ್) ಹಿಡಿಯಿರಿ, ರೋಗಿ ಎಚ್ಚರ ಇರುವಾಗಲೇ

ಈ ಇಡೀ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಮೊದಲ ನಂಬರ್ ಸರಿ ಇಲ್ಲದಿದ್ದರೆ ಆಮೇಲಿನ ನಾಲ್ಕು ಗಂಟೆಯ ನಂಬರುಗಳಿಗೆ ಅರ್ಥವೇ ಇಲ್ಲ.

ರೋಗಿ ಎಚ್ಚರ ಇರಬೇಕು, ಆರಾಮಾಗಿ ಮಲಗಿರಬೇಕು, ಮಾಸ್ಕ್‌ನಿಂದ ಆಕ್ಸಿಜನ್ ಇನ್ನೂ ಕೊಟ್ಟಿರಬಾರದು. ಆಗ ಒಂದೆರಡು ನಿಮಿಷ ನಂಬರ್ ನಿಲ್ಲಲು ಬಿಟ್ಟು, ಎರಡೂ ಬದಿಯ ಬೇಸ್‌ಲೈನ್ ಬಟನ್ ಒತ್ತಿ. ಅದೇ ಕ್ಷಣದ ಬಿಪಿ, ಬೆರಳಿನ ಕ್ಲಿಪ್ ತೋರಿಸುವ ಸ್ಯಾಚುರೇಷನ್ (ರಕ್ತದ ಆಕ್ಸಿಜನ್ ಶೇಕಡಾ) ಮತ್ತು ಹಿಮೋಗ್ಲೋಬಿನ್ ಎಷ್ಟಿದೆ ಅಂತಲೂ ಬರೆದಿಡಿ.

ಏಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ? ಅವಸರದಲ್ಲಿ ಹಲವು ಕಡೆ ಅರಿವಳಿಕೆ ಕೊಟ್ಟಾದ ಮೇಲೆ ಪಟ್ಟಿ ಅಂಟಿಸುತ್ತಾರೆ. ಆ ಹೊತ್ತಿಗೆ ರೋಗಿ ಶೇ. 100 ಆಕ್ಸಿಜನ್ ಉಸಿರಾಡುತ್ತಿರುತ್ತಾರೆ, ಅದರಿಂದಲೇ ನಂಬರ್ ಏರಿರುತ್ತದೆ. ಅರಿವಳಿಕೆಯಿಂದ ಮಿದುಳಿನ ಬಳಕೆ ಕಡಿಮೆಯಾಗಿ ಇನ್ನಷ್ಟು ಏರಿರಬಹುದು. ಇಲ್ಲವೇ ಬಿಪಿ ಬಿದ್ದು ಆಗಲೇ ಇಳಿದಿರಬಹುದು. ಯಾವುದೇ ಆದರೂ ಅದು ಆ ಮನುಷ್ಯನ ನಿಜವಾದ ಶುರು ಅಲ್ಲ.

ಸಾಮಾನ್ಯವಾಗಿ ದೊಡ್ಡವರಲ್ಲಿ ಬೇಸ್‌ಲೈನ್ 60ರಿಂದ 75ರ ನಡುವೆ ಇರುತ್ತದೆ. ಎರಡು ಬದಿಗಳ ನಡುವೆ ಸ್ವಲ್ಪ ವ್ಯತ್ಯಾಸ ಸಹಜ. 10ಕ್ಕಿಂತ ಜಾಸ್ತಿ ಇದ್ದರೆ ಮೊದಲು ಪಟ್ಟಿ ತೆಗೆದು ಮತ್ತೆ ಅಂಟಿಸಿ. ಆಮೇಲೂ ಹಾಗೇ ಇದ್ದರೆ ಕತ್ತಿನ ರಕ್ತನಾಳದಲ್ಲಿ ಅಡಚಣೆ ಇದೆಯಾ, ಹಿಂದೆ ಪಾರ್ಶ್ವವಾಯು ಆಗಿತ್ತಾ ಅಂತ ಕೇಳಿ. ಆಪರೇಷನ್‌ಗೆ ಮೊದಲೇ ಬೇಸ್‌ಲೈನ್ 50ರ ಆಸುಪಾಸು ಇದ್ದರೆ, ಆ ರೋಗಿಗೆ ತಡೆದುಕೊಳ್ಳುವ ಶಕ್ತಿ ಕಡಿಮೆ ಅಂತ ಮೊದಲೇ ತಿಳಿದುಕೊಳ್ಳಿ.

ಯಂತ್ರದಿಂದ ಯಂತ್ರಕ್ಕೆ ಲೆಕ್ಕದ ರೀತಿ ಬೇರೆ. ಇನ್ವಾಸ್ ಅನ್ನುವ ಯಂತ್ರದಲ್ಲಿ 62 ಬಂದವರಿಗೆ ಫೋರ್‌ಸೈಟ್ ಅನ್ನುವ ಯಂತ್ರದಲ್ಲಿ ಬೇರೆ ನಂಬರ್ ಬರಬಹುದು. ಹಾಗಾಗಿ ಒಂದು ಯಂತ್ರದ ಬೇಸ್‌ಲೈನನ್ನು ಇನ್ನೊಂದಕ್ಕೆ ಹೋಲಿಸಬೇಡಿ.

ಹಂತ 3: ಅಲಾರಂ ಮಿತಿ ಹಾಕಿ

ರೂಢಿಯಲ್ಲಿರುವ ಮಿತಿ ಎರಡು. ಬೇಸ್‌ಲೈನ್‌ಗಿಂತ ಶೇ. 20 ಇಳಿದರೆ ಒಂದು ಎಚ್ಚರಿಕೆ. ನಂಬರ್ 50ಕ್ಕಿಂತ ಕೆಳಗೆ ಹೋದರೆ ಇನ್ನೊಂದು. ಯಾವುದು ಮೊದಲು ಬಂದರೂ ಕೆಲಸ ಶುರು.

ಇಲ್ಲಿ ಪದೇ ಪದೇ ಆಗುವ ಒಂದು ತಪ್ಪಿದೆ. ಬೇಸ್‌ಲೈನ್ 70 ಇದ್ದಾಗ ಶೇ. 20 ಇಳಿಕೆ ಅಂದರೆ 50 ಅಲ್ಲ. 70ರಲ್ಲಿ ಶೇ. 20 ಅಂದರೆ 14, ಹಾಗಾಗಿ ಮಿತಿ 56. ಸುಮ್ನೆ 20 ಕಳೆದುಬಿಟ್ಟರೆ 56ರಿಂದ 50ರವರೆಗಿನ ಇಳಿಜಾರನ್ನು ಯಾರೂ ನೋಡುವುದೇ ಇಲ್ಲ. ಆಪರೇಷನ್ ಶುರುವಾಗುವ ಮೊದಲೇ ಎರಡೂ ಬದಿಯ ಮಿತಿಯನ್ನು ಲೆಕ್ಕ ಹಾಕಿ, ಅರಿವಳಿಕೆ ಚಾರ್ಟಿನ ಮೇಲ್ಭಾಗದಲ್ಲಿ ದಪ್ಪಗೆ ಬರೆದಿಡಿ.

ಎಷ್ಟು ಇಳಿಯಿತು ಅನ್ನುವುದರ ಜೊತೆ ಎಷ್ಟು ಹೊತ್ತು ಇಳಿದಿತ್ತು ಅನ್ನುವುದೂ ಮುಖ್ಯ. 50ಕ್ಕಿಂತ ಎಷ್ಟು ಕೆಳಗಿದೆಯೋ ಅದನ್ನು ಸೆಕೆಂಡುಗಳಿಂದ ಗುಣಿಸಿ ಕೂಡುತ್ತಾ ಹೋಗುವ ಒಂದು ಲೆಕ್ಕ ಇದೆ. ನಂಬರ್ 40ರಲ್ಲಿ 5 ನಿಮಿಷ ನಿಂತರೆ 10 ಗುಣಿಸು 300, ಅಂದರೆ 3000. ಹೃದಯದ ಆಪರೇಷನ್ ಆದವರ ಮೇಲೆ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಈ ಮೊತ್ತ 3000 ದಾಟಿದವರಲ್ಲಿ ನೆನಪು ಮತ್ತು ಯೋಚನಾಶಕ್ತಿ ಕುಂದಿದ್ದು ಜಾಸ್ತಿ ಕಂಡಿತು. ಐದು ನಿಮಿಷ ಅಂದರೆ ಓಟಿಯಲ್ಲಿ ಎಷ್ಟು ಬೇಗ ಕಳೆದುಹೋಗುತ್ತದೆ ಅಂತ ಅಲ್ಲಿ ಕೆಲಸ ಮಾಡುವವರಿಗೆ ಗೊತ್ತು.

ಹಂತ 4: ಇಳಿಯುವ ಹೊತ್ತುಗಳನ್ನು ಮೊದಲೇ ತಿಳಿದಿರಿ

ಪರದೆಯನ್ನು ಮೂರು ಗಂಟೆ ಒಂದೇ ಸಮ ನೋಡುತ್ತಾ ಕೂರಲು ಯಾರಿಗೂ ಆಗುವುದಿಲ್ಲ. ಆದರೆ ಯಾವಾಗ ಇಳಿಯಬಹುದು ಅಂತ ಗೊತ್ತಿದ್ದರೆ ಆ ಹೊತ್ತಿಗೆ ಸರಿಯಾಗಿ ಕಣ್ಣು ಅಲ್ಲಿರುತ್ತದೆ. ಅರಿವಳಿಕೆ ಕೊಟ್ಟ ಕೂಡಲೇ ಬಿಪಿ ಬೀಳುವಾಗ ಒಮ್ಮೆ ನೋಡಿ. ಮಲಗಿದವರನ್ನು ಕೂರಿಸುವಾಗ ನೋಡಿ. ಸರ್ಜನ್ ಹೃದಯವನ್ನು ಎತ್ತಿ ಹಿಡಿಯುವಾಗ ನೋಡಿ. ಹಾರ್ಟ್-ಲಂಗ್ ಮಷೀನ್ ಶುರುವಾದ ಮೊದಲ ನಿಮಿಷಗಳಲ್ಲಿ, ಮಷೀನಿನ ನೀರು ಬೆರೆತು ರಕ್ತ ತೆಳುವಾಗುವುದರಿಂದ ನಂಬರ್ ಇಳಿಯುವುದು ಮಾಮೂಲು.

ನಾನು ಹೆಚ್ಚು ಹೆದರುವುದು, ಮಷೀನ್ ಮೇಲೆ ತಣ್ಣಗೆ ಮಾಡಿದ್ದ ದೇಹವನ್ನು ಮತ್ತೆ ಬೆಚ್ಚಗೆ ಮಾಡುವ ಹೊತ್ತಿಗೆ. ತಣ್ಣಗಿದ್ದಾಗ ಮಿದುಳಿನ ಬಳಕೆ ಕಡಿಮೆ ಇರುತ್ತದೆ. ಒಂದು ಡಿಗ್ರಿ ಇಳಿದರೆ ಬಳಕೆ ಸುಮಾರು ಶೇ. 6-7 ಇಳಿಯುತ್ತದೆ. ಬೆಚ್ಚಗಾದಂತೆ ಬಳಕೆ ಏರುತ್ತದೆ, ರಕ್ತ ಮಾತ್ರ ಇನ್ನೂ ತೆಳುವಾಗಿಯೇ ಇರುತ್ತದೆ. ಆಗ ಎಲ್ಲರ ಗಮನ ಹೃದಯ ಮತ್ತೆ ಮಿಡಿಯುತ್ತದಾ ಅನ್ನುವುದರ ಮೇಲೆ. ಹಣೆಯ ನಂಬರ್ ಸದ್ದಿಲ್ಲದೆ ಜಾರುತ್ತದೆ. ಮಷೀನ್‌ನಿಂದ ಹೊರಡುವ ರಕ್ತದ ಬಿಸಿ 37 ಡಿಗ್ರಿ ದಾಟದಂತೆ ನೋಡಿಕೊಳ್ಳಿ ಅಂತ ಪರ್ಫ್ಯೂಷನ್ ಮಾರ್ಗಸೂಚಿಗಳು ಹೇಳುವುದು ಮಿದುಳಿನ ಕಾಳಜಿಯಿಂದಲೇ.

ಹಂತ 5: ಇಳಿದಾಗ ಏನು ಮಾಡಬೇಕು?

ಕೆನಡಾದ ಮಾಂಟ್ರಿಯಲ್ ಹಾರ್ಟ್ ಇನ್‌ಸ್ಟಿಟ್ಯೂಟ್‌ನ ಆಂಡ್ರೆ ಡೆನೊ ಮತ್ತು ಸಂಗಡಿಗರು 2007ರಲ್ಲಿ ಒಂದು ಕ್ರಮ ಸೂಚಿಸಿದರು. ಈಗ ಹೆಚ್ಚಿನ ಕಡೆ ಬಳಸುವುದು ಅದನ್ನೇ, ಸ್ವಲ್ಪ ಹೆಚ್ಚು ಕಡಿಮೆ ಮಾಡಿಕೊಂಡು. ಅದರ ಗುಣ ಏನೆಂದರೆ, ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ನಾನು ಅದನ್ನು ಕೆಲಸದ ಮಾತಿನಲ್ಲಿ ಹೇಳುತ್ತೇನೆ.

ಮೊದಲ ಪ್ರಶ್ನೆ: ಒಂದು ಬದಿ ಇಳಿದಿದೆಯಾ, ಎರಡೂ ಬದಿಯಾ? ಒಂದೇ ಬದಿ ಅಂದರೆ ಕಾರಣ ಹೆಚ್ಚಾಗಿ ಆ ಬದಿಯಲ್ಲೇ ಇರುತ್ತದೆ. ಪಟ್ಟಿ ಕಿತ್ತಿರಬಹುದು, ಕತ್ತು ತಿರುಗಿರಬಹುದು, ರಕ್ತನಾಳಕ್ಕೆ ತೂರಿಸಿದ ಕೊಳವೆ (ಕ್ಯಾನ್ಯುಲಾ) ಜರುಗಿರಬಹುದು, ರಕ್ತನಾಳ ಹಿಡಿದು ಮುಚ್ಚುವ ಕ್ಲ್ಯಾಂಪ್ ಹಾಕಿರಬಹುದು. ಎರಡೂ ಬದಿ ಅಂದರೆ ಕಾರಣ ಇಡೀ ದೇಹದ್ದು.

ತಲೆ ಮತ್ತು ಕತ್ತು. ಬಟ್ಟೆಯ ಕೆಳಗೆ ಕೈ ಹಾಕಿ. ತಲೆ ನೇರ ಇದೆಯಾ? ಗಡ್ಡದ ಕೆಳಗೆ ಟ್ಯೂಬಿನ ದಾರ ಬಿಗಿದಿದೆಯಾ? ಕತ್ತು ಒಂದು ಕಡೆ ವಾಲಿದರೆ ರಕ್ತ ಹೋಗುವ ದಾರಿಯೂ ಕಿರಿದಾಗುತ್ತದೆ, ವಾಪಸ್ ಬರುವ ದಾರಿಯೂ ಕಿರಿದಾಗುತ್ತದೆ. ಮಷೀನ್ ಮೇಲಿದ್ದರೆ ಮೇಲಿನ ಮಹಾಸಿರೆಯ ಕ್ಯಾನ್ಯುಲಾ ಅಡ್ಡಿಯಾಗಿದೆಯಾ ನೋಡಿ. ಮುಖ ಊದಿ ಕೆಂಪಾಗುತ್ತಿದ್ದು, ಕತ್ತಿನ ಸಿರೆಯ ಒತ್ತಡ ಏರಿದ್ದರೆ, ಮಿದುಳಿಂದ ರಕ್ತ ಇಳಿದು ಬರಲು ಆಗುತ್ತಿಲ್ಲ ಅಂತ ಅರ್ಥ. ತಕ್ಷಣ ಸರ್ಜನ್‌ಗೆ ಹೇಳಿ.

ಬಿಪಿ. ಮಿದುಳಿಗೆ ಸಿಗುವ ಒತ್ತಡ ಅಂದರೆ ಸರಾಸರಿ ಬಿಪಿಯಲ್ಲಿ ತಲೆಯೊಳಗಿನ ಒತ್ತಡವನ್ನೋ ಸಿರೆಯ ಒತ್ತಡವನ್ನೋ, ಯಾವುದು ಜಾಸ್ತಿಯೋ ಅದನ್ನು ಕಳೆದದ್ದು. ಸರಾಸರಿ ಬಿಪಿ 60ರಿಂದ 150ರವರೆಗೆ ಇದ್ದರೆ ಮಿದುಳು ತಾನೇ ಸರಿದೂಗಿಸಿಕೊಳ್ಳುತ್ತದೆ ಅಂತ ಪುಸ್ತಕದಲ್ಲಿ ಓದಿರುತ್ತೇವೆ. ಆದರೆ ಆ ಕೆಳಗಿನ ಗಡಿ ಎಲ್ಲರಿಗೂ ಒಂದೇ ಅಲ್ಲ. ವರ್ಷಗಟ್ಟಲೆ ಬಿಪಿ ಇದ್ದವರಿಗೆ 65 ಸಾಲದೇ ಹೋಗಬಹುದು. ಆ ರೋಗಿಯ ಎಚ್ಚರದ ಹೊತ್ತಿನ ಬಿಪಿ ಬರೆದಿಡಿ ಅಂದಿದ್ದು ಇದಕ್ಕೇ. ಅದರ ಹತ್ತಿರಕ್ಕೆ ತಂದು ನೋಡಿ, ನಂಬರ್ ಏರುತ್ತದಾ ಗಮನಿಸಿ.

ಆಕ್ಸಿಜನ್. ಟ್ಯೂಬ್ ಸರಿಯಾದ ಜಾಗದಲ್ಲಿದೆಯಾ, ಸರ್ಕ್ಯೂಟ್ ಕಳಚಿದೆಯಾ, ಎರಡೂ ಶ್ವಾಸಕೋಶ ಏಳುತ್ತಿವೆಯಾ? ವೆಂಟಿಲೇಟರ್‌ನಲ್ಲಿ ಆಕ್ಸಿಜನ್ ಪ್ರಮಾಣ ಏರಿಸಿದರೆ ನಂಬರ್ ಸಾಮಾನ್ಯವಾಗಿ ಮೇಲೆ ಬರುತ್ತದೆ. ಅಷ್ಟಕ್ಕೇ ನಿಲ್ಲಿಸಬೇಡಿ. ಅದು ಕಾರಣ ಹುಡುಕಲು ಸಿಕ್ಕ ಸಮಯ, ಕಾರಣಕ್ಕೆ ಪರಿಹಾರ ಅಲ್ಲ.

ಕಾರ್ಬನ್ ಡೈಆಕ್ಸೈಡ್. ಇದನ್ನು ಮರೆಯುವವರೇ ಜಾಸ್ತಿ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲೋಣ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾದರೆ ಮಿದುಳಿನ ರಕ್ತನಾಳಗಳು ಮುದುಡುತ್ತವೆ. ಅದರ ಒತ್ತಡ ಒಂದು ಮಿ.ಮೀ. (ಬಿಪಿಯಂತೆ ಪಾದರಸದ ಲೆಕ್ಕ) ಇಳಿದರೆ ಮಿದುಳಿನ ರಕ್ತದ ಹರಿವು ಸುಮಾರು ಶೇ. 3-4 ಇಳಿಯುತ್ತದೆ. ವೆಂಟಿಲೇಟರ್ ಜೋರಾಗಿ ಉಸಿರಾಡಿಸಿ 40ರಿಂದ 30ಕ್ಕೆ ತಂದುಬಿಟ್ಟರೆ, ಬಿಪಿ ಸ್ವಲ್ಪವೂ ಬದಲಾಗದೆ ಮಿದುಳಿನ ರಕ್ತ ಮೂರನೇ ಒಂದು ಭಾಗದಷ್ಟು ಕಡಿಮೆಯಾಗಬಹುದು. ಬೆರಳಿನ ಕ್ಲಿಪ್‌ಗೆ ಇದರ ಸುಳಿವೇ ಸಿಗುವುದಿಲ್ಲ. ಉಸಿರಿನಲ್ಲಿ ಅಳೆದ ನಂಬರ್ ರಕ್ತದಲ್ಲಿರುವುದಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ, ಶ್ವಾಸಕೋಶದ ಕಾಯಿಲೆ ಇದ್ದರೆ ಅಂತರ ಇನ್ನೂ ಜಾಸ್ತಿ. ಅನುಮಾನ ಬಂದರೆ ಎಬಿಜಿ (ರಕ್ತದ ಗ್ಯಾಸ್ ಪರೀಕ್ಷೆ) ಕಳಿಸಿ. ಸಾಮಾನ್ಯವಾಗಿ 35ರಿಂದ 45ರ ನಡುವೆ ಇರುವಂತೆ ನೋಡಿಕೊಳ್ಳಿ. ತಲೆಯೊಳಗೆ ಒತ್ತಡ ಏರಿರುವವರ ವಿಷಯ ಬೇರೆ, ಅಲ್ಲಿ ನರಶಸ್ತ್ರ ತಂಡವನ್ನು ಕೇಳದೆ ಏರಿಸಬೇಡಿ.

ಹಿಮೋಗ್ಲೋಬಿನ್. ಒಂದು ಗ್ರಾಂ ಹಿಮೋಗ್ಲೋಬಿನ್ ಹೊರುವುದು ಸುಮಾರು 1.34 ಮಿ.ಲೀ. ಆಕ್ಸಿಜನ್. ರಕ್ತ ತೆಳುವಾದರೆ, ಸ್ಯಾಚುರೇಷನ್ ಶೇ. 100 ಇದ್ದರೂ ಹೊರೆ ಕಡಿಮೆ. ರಕ್ತ ಕೊಡಬೇಕೇ ಬೇಡವೇ ಅನ್ನುವ ಗೊಂದಲದ ಗಡಿಯಲ್ಲಿ ಹಣೆಯ ನಂಬರ್ ಒಂದು ಒಳ್ಳೆಯ ಸಾಕ್ಷಿ. ಹಿಮೋಗ್ಲೋಬಿನ್ 7.5 ಇದ್ದು ನಂಬರ್ ಬೇಸ್‌ಲೈನ್‌ನಲ್ಲೇ ಇದ್ದರೆ ಕಾಯಬಹುದು ಅನ್ನಿಸುತ್ತದೆ. ಅದೇ 7.5ರಲ್ಲಿ ಬೇರೆಲ್ಲ ಸರಿ ಮಾಡಿದ ಮೇಲೂ ನಂಬರ್ 46ರಲ್ಲಿ ನಿಂತಿದ್ದರೆ ನಾನು ರಕ್ತದ ಪರ.

ಹೃದಯ ಎಷ್ಟು ರಕ್ತ ದೂಡುತ್ತಿದೆ? ಮಷೀನ್ ಮೇಲಿದ್ದರೆ ಪಂಪಿನ ಹರಿವು ಏರಿಸಲು ಪರ್ಫ್ಯೂಷನಿಸ್ಟ್‌ಗೆ ಹೇಳಿ. ಇಲ್ಲದಿದ್ದರೆ ಎಕೋ ಹಾಕಿ ನೋಡಿ, ನೀರು ಸಾಲದೆಯೋ, ಹೃದಯದ ಬಲ ಸಾಲದೆಯೋ ಅಂತ.

ಕೊನೆಗೆ ಬಳಕೆ. ಮೈ ಬಿಸಿ ಏರಿದೆಯಾ, ಅರಿವಳಿಕೆ ತೆಳುವಾಗಿದೆಯಾ, ಔಷಧಿಯಿಂದ ಸ್ನಾಯು ಸಡಿಲವಾಗಿರುವುದರಿಂದ ಕಣ್ಣಿಗೆ ಕಾಣದ ಫಿಟ್ಸ್ ಏನಾದರೂ ಇದೆಯಾ? ಎಲ್ಲ ನೋಡಿಯೂ ಏರದಿದ್ದರೆ ಆಪರೇಷನ್ ಮುಗಿದ ಕೂಡಲೇ ತಲೆಯ ಸ್ಕ್ಯಾನ್ ಬಗ್ಗೆ ಮಾತಾಡಿ.

ಬರೆಯಲು ಇಷ್ಟು ಉದ್ದವಾಯಿತು. ನಿಜದಲ್ಲಿ ಮೊದಲ ನಾಲ್ಕು ನೋಟಕ್ಕೆ ಒಂದು ನಿಮಿಷ ಸಾಕು.

ಹತ್ತಿರದಿಂದ ಒಂದು ಸನ್ನಿವೇಶ

ಬೈಪಾಸ್ ಆಪರೇಷನ್ ಅಂದುಕೊಳ್ಳಿ. ಬೇಸ್‌ಲೈನ್ ಎಡ 64, ಬಲ 66. ಎಡದ ಮಿತಿ 51, ಬಲದ್ದು 53. ಅರಿವಳಿಕೆ ಆದ ಮೇಲೆ ಎರಡೂ 70ರ ಹತ್ತಿರ. ಎದೆ ತೆರೆದಾಗಿದೆ, ಕಾಲಿನಿಂದ ಸಿರೆ ತೆಗೆಯುತ್ತಿದ್ದಾರೆ. ಮಷೀನ್ ಇನ್ನೂ ಶುರುವಾಗಿಲ್ಲ. ಅಲಾರಂ ಹೊಡೆಯುತ್ತದೆ: ಎಡ 47, ಬಲ 67. ಬಿಪಿ ಸರಾಸರಿ 74, ಬೆರಳು 100, ಕಾರ್ಬನ್ ಡೈಆಕ್ಸೈಡ್ 36.

ಕೈ ತಕ್ಷಣ ಬಿಪಿ ಏರಿಸುವ ಸಿರಿಂಜಿನ ಕಡೆ ಹೋಗುತ್ತದೆ. ತಡೆಯಿರಿ. ಬಲಬದಿ ಅಲುಗಾಡಿಲ್ಲ, ಹಾಗಾದರೆ ಇಡೀ ದೇಹದ ತೊಂದರೆ ಅಲ್ಲ. ಪಟ್ಟಿಯ ಅಂಚು ಮುಟ್ಟಿ ನೋಡಿ, ಗಟ್ಟಿ ಇದೆ. ಬಟ್ಟೆ ಎತ್ತಿ ನೋಡಿ. ಎದೆ ಅಗಲಿಸುವ ಕಬ್ಬಿಣ ತಿರುಗಿಸುವಾಗ ತಲೆ ದಿಂಬಿನ ರಿಂಗ್‌ನಿಂದ ಜಾರಿ ಬಲಕ್ಕೆ ಹೊರಳಿದೆ. ಕತ್ತಿನ ಎಡಭಾಗ ಎಳೆದುಕೊಂಡಿದೆ. ಎರಡೂ ಕೈಯಲ್ಲಿ ತಲೆ ಹಿಡಿದು ನೇರ ಮಾಡಿ, ಕೆಳಗೆ ಒಂದು ಮಡಚಿದ ಟವೆಲ್ ಇಡಿ. 47, 49, 54, 60. ಎರಡು ನಿಮಿಷದಲ್ಲಿ 66. ಯಾವ ಔಷಧಿಯೂ ಬೇಕಾಗಲಿಲ್ಲ. ಬಿಪಿ ಏರಿಸಿದ್ದರೆ ನಂಬರ್ ಅರ್ಧಂಬರ್ಧ ಏರಿ, ತಲೆ ಮಾತ್ರ ಇನ್ನೂ ಮೂರು ಗಂಟೆ ಹಾಗೇ ಇರುತ್ತಿತ್ತು.

ನಂಬರ್ ದಾರಿ ತಪ್ಪಿಸುವ ಜಾಗಗಳು

ಪಟ್ಟಿ ನೋಡುವುದು ಹಣೆಯ ಹಿಂದಿನ ಒಂದೆರಡು ಸೆಂ.ಮೀ. ಆಳದ ಭಾಗವನ್ನು ಮಾತ್ರ. ಮಿದುಳಿನ ಹಿಂಭಾಗದಲ್ಲಿ, ಕಾಂಡದಲ್ಲಿ ಏನಾಗುತ್ತಿದೆ ಅಂತ ಅದಕ್ಕೆ ಗೊತ್ತಿಲ್ಲ. ಸಣ್ಣ ಹೆಪ್ಪೊಂದು ಬೇರೆ ಕಡೆ ಹೋಗಿ ಕೂತರೆ ನಂಬರ್ ಕದಲುವುದೇ ಇಲ್ಲ. ಹಾಗಾಗಿ ನಂಬರ್ ಚೆನ್ನಾಗಿತ್ತು, ಪಾರ್ಶ್ವವಾಯು ಆಗಿರಲು ಸಾಧ್ಯವೇ ಇಲ್ಲ ಅಂತ ಯಾರಿಗೂ ಮಾತು ಕೊಡಬೇಡಿ.

ಸತ್ತ ಅಂಗಾಂಶ ಆಕ್ಸಿಜನ್ ಬಳಸುವುದಿಲ್ಲ. ಹಾಗಾಗಿ ಅಲ್ಲಿ ರಕ್ತ ನಿಂತಿದ್ದರೂ ಒಳ್ಳೆಯ ನಂಬರ್ ಬರಬಹುದು. ಸತ್ತವರ ಹಣೆಯಲ್ಲೂ ಸಹಜದಂತೆ ಕಾಣುವ ಓದುಗಳು ಬಂದದ್ದು 1990ರ ದಶಕದಲ್ಲೇ ದಾಖಲಾಗಿದೆ.

ಚರ್ಮದ ರಕ್ತವೂ ಲೆಕ್ಕದಲ್ಲಿ ಸ್ವಲ್ಪ ಸೇರುತ್ತದೆ ಅಂದೆನಲ್ಲ, ಅದರ ಪರಿಣಾಮ ಔಷಧಿ ಕೊಟ್ಟಾಗ ಕಾಣುತ್ತದೆ. ಬಿಪಿ ಏರಿಸುವ ಔಷಧಿ ಫಿನೈಲೆಫ್ರಿನ್ ಕೊಟ್ಟರೆ ಬಿಪಿ ಏರುತ್ತದೆ, ಹಣೆಯ ನಂಬರ್ ಮಾತ್ರ ಇಳಿಯುತ್ತದೆ. ಚರ್ಮದ ರಕ್ತನಾಳಗಳು ಮುದುಡಿದ್ದೂ ಅದರಲ್ಲಿ ಒಂದು ಕಾರಣ. ಬಿಪಿ ಏರಿಸುವ ಇನ್ನೊಂದು ಔಷಧಿ ಎಫಿಡ್ರಿನ್ ಕೊಟ್ಟಾಗ ಸಾಮಾನ್ಯವಾಗಿ ಹೀಗಾಗುವುದಿಲ್ಲ. ಬಿಪಿ ಏರಿದ ಮೇಲೂ ನಂಬರ್ ಇಳಿದರೆ ಗಾಬರಿಯಾಗುವ ಮೊದಲು ಯಾವ ಔಷಧಿ ಕೊಟ್ಟಿರಿ ಅಂತ ನೆನಪಿಸಿಕೊಳ್ಳಿ.

ಕಾಮಾಲೆ ಜೋರಾಗಿದ್ದರೆ ನಂಬರ್ ತೀರಾ ಕಡಿಮೆ ಬರುತ್ತದೆ. ಮೈಬಣ್ಣ ಗಾಢವಾಗಿದ್ದರೆ ಕೆಲವು ಯಂತ್ರಗಳು ಸ್ವಲ್ಪ ಕಡಿಮೆ ತೋರಿಸುತ್ತವೆ. ಮೆಥಿಲೀನ್ ಬ್ಲೂ, ಇಂಡೊಸಯನಿನ್ ಗ್ರೀನ್‌ನಂತಹ ಬಣ್ಣದ ಔಷಧಿ ಕೊಟ್ಟ ಮೇಲೆ ಸ್ವಲ್ಪ ಹೊತ್ತು ಓದನ್ನು ನಂಬಬೇಡಿ. ಇದರಲ್ಲೆಲ್ಲ ಕಾಪಾಡುವುದು ಮತ್ತೆ ಆ ಬೇಸ್‌ಲೈನೇ. ಒಬ್ಬರ ನಂಬರನ್ನು ಅವರದೇ ಶುರುವಿನ ನಂಬರ್‌ಗೆ ಹೋಲಿಸಿದರೆ ಮೈಬಣ್ಣದ್ದೋ ಕಾಮಾಲೆಯದ್ದೋ ವ್ಯತ್ಯಾಸ ಬಹುಮಟ್ಟಿಗೆ ಕಳೆದುಹೋಗುತ್ತದೆ.

ಮೂರು ಆಪರೇಷನ್‌ಗಳು, ಮೂರು ಬೇರೆ ಎಚ್ಚರ

ಭುಜದ ಆಪರೇಷನ್‌ಗೆ ಕೂರಿಸಿದಾಗ ಬಿಪಿ ಪಟ್ಟಿ ತೋಳಲ್ಲಿರುತ್ತದೆ, ಮಿದುಳು ಅದಕ್ಕಿಂತ ಎತ್ತರದಲ್ಲಿರುತ್ತದೆ. ಒಂದು ಸೆಂ.ಮೀ. ಎತ್ತರಕ್ಕೆ ಸುಮಾರು 0.77 ಮಿ.ಮೀ. ಒತ್ತಡ ಕಳೆಯಬೇಕು. ಕಿವಿಯ ಮಟ್ಟ ತೋಳಿಗಿಂತ 30 ಸೆಂ.ಮೀ. ಮೇಲಿದ್ದರೆ 23 ಮಿ.ಮೀ. ಹೋಯಿತು. ತೋಳಿನಲ್ಲಿ 70 ಅಂದರೆ ಮಿದುಳಿಗೆ 47! ಪಟ್ಟಿ ಮೀನಖಂಡಕ್ಕೆ ಹಾಕಿದ್ದರೆ ಪರಿಸ್ಥಿತಿ ಇನ್ನೂ ಕಷ್ಟ. ಸರ್ಜನ್ ರಕ್ತ ಕಡಿಮೆ ಬರಲಿ, ಬಿಪಿ ಇಳಿಸಿ ಅಂತ ಕೇಳಿದಾಗ ಈ ಲೆಕ್ಕವನ್ನೂ ಹಣೆಯ ನಂಬರನ್ನೂ ತೋರಿಸಿ ಮಾತಾಡಿ.

ಕೆರೋಟಿಡ್ ಆಪರೇಷನ್‌ನಲ್ಲಿ ಕ್ಲ್ಯಾಂಪ್ ಹಾಕಿದ ಮೇಲಿನ ಮೊದಲ ಒಂದೆರಡು ನಿಮಿಷವೇ ನಿರ್ಣಾಯಕ. ಮಿದುಳಿನ ಬುಡದಲ್ಲಿ ರಕ್ತನಾಳಗಳು ಸೇರಿ ಒಂದು ಉಂಗುರ ಇದೆ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆಯಿಂದ ರಕ್ತ ಬರಲಿ ಅಂತಲೇ ಇರುವ ವ್ಯವಸ್ಥೆ ಅದು. ಆದರೆ ಬಹಳ ಜನರಲ್ಲಿ ಆ ಉಂಗುರ ಪೂರ್ತಿ ಇರುವುದಿಲ್ಲ. ಕ್ಲ್ಯಾಂಪ್‌ಗೆ ಸ್ವಲ್ಪ ಮೊದಲಿನ ನಂಬರ್ ಗುರುತು ಹಾಕಿಕೊಳ್ಳಿ. ಅದರಿಂದ ಶೇ. 20 ಇಳಿದರೆ ಜೋರಾಗಿ ಹೇಳಿ. ಬಿಪಿ ಏರಿಸುವುದೋ ಶಂಟ್ (ಮುಚ್ಚಿದ ಜಾಗ ದಾಟಿಸಿ ರಕ್ತ ಹರಿಸುವ ಕೊಳವೆ) ಹಾಕುವುದೋ ಆಗ ತೀರ್ಮಾನವಾಗಬೇಕು.

ಮಹಾಪಧಮನಿಯ ಕಮಾನಿನ ರಿಪೇರಿಯಲ್ಲಿ ದೇಹದ ರಕ್ತ ನಿಲ್ಲಿಸಿ, ಮಿದುಳಿಗೆ ಮಾತ್ರ ಹರಿಸುತ್ತಾರೆ. ಬಲಗಡೆಯಿಂದ ಮಾತ್ರ ಹರಿಸುವಾಗ ಬಲದ ನಂಬರ್ ನಿಂತು ಎಡದ್ದು ಇಳಿಯತೊಡಗಿದರೆ, ಆ ಉಂಗುರದಲ್ಲಿ ದಾರಿ ಇಲ್ಲ ಅಂತ ಅರ್ಥ. ಎಡಕ್ಕೂ ಬೇರೆ ಕ್ಯಾನ್ಯುಲಾ ಬೇಕು. ಇದನ್ನು ಅಷ್ಟು ಬೇಗ ಹೇಳುವ ಸುಲಭದ ಸಾಧನ ನನಗೆ ಬೇರೆ ಗೊತ್ತಿಲ್ಲ.

ಬೇರೆ ದಾರಿಗಳು

ಕತ್ತಿನ ಸಿರೆಯಲ್ಲಿ ಮೇಲ್ಮುಖವಾಗಿ ತೂರಿಸಿದ ಕ್ಯಾಥೆಟರ್‌ನಿಂದ ಇಡೀ ಮಿದುಳಿಂದ ವಾಪಸ್ ಬರುವ ರಕ್ತವನ್ನು ಅಳೆಯಬಹುದು. 55ರಿಂದ 75 ಸಹಜ, 50ರ ಕೆಳಗೆ ಅಪಾಯ. ಮಿದುಳಿನೊಳಗೇ ಸಣ್ಣ ತಂತಿ ಇಟ್ಟು ಆಕ್ಸಿಜನ್ ಒತ್ತಡ ನೋಡುವ ವಿಧಾನ ತಲೆಗೆ ಪೆಟ್ಟಾದವರ ಐಸಿಯುನಲ್ಲಿ ಬಳಕೆಯಲ್ಲಿದೆ, ಅಲ್ಲಿ 20 ಮಿ.ಮೀ.ಗಿಂತ ಕಡಿಮೆಯಾದರೆ ಚಿಕಿತ್ಸೆ ಬದಲಿಸುತ್ತಾರೆ. ಎರಡಕ್ಕೂ ಚುಚ್ಚಬೇಕು. ಹಣೆಯ ಪಟ್ಟಿಗೆ ಅದು ಬೇಕಿಲ್ಲ.

ಇದರಿಂದ ನಿಜವಾಗಿ ಪ್ರಯೋಜನ ಇದೆಯಾ?

ನೇರವಾಗಿ ಹೇಳಬೇಕು. 2007ರಲ್ಲಿ ಕೆನಡಾದಲ್ಲಿ ಜಾನ್ ಮರ್ಕಿನ್ ಅವರ ತಂಡ 200 ಬೈಪಾಸ್ ರೋಗಿಗಳಲ್ಲಿ ನೋಡಿದಾಗ, ನಂಬರ್ ನೋಡಿ ಸರಿಪಡಿಸಿದ ಗುಂಪಿನಲ್ಲಿ ದೊಡ್ಡ ತೊಡಕುಗಳು ಕಡಿಮೆ ಇದ್ದವು. 2016ರಲ್ಲಿ ಅದೇ ದೇಶದ 8 ಆಸ್ಪತ್ರೆಗಳ 201 ರೋಗಿಗಳ ಅಧ್ಯಯನದಲ್ಲಿ, ಕ್ರಮವಾಗಿ ಹೋದರೆ ಬಹುತೇಕ ಎಲ್ಲ ಇಳಿಕೆಗಳನ್ನೂ ವಾಪಸ್ ಏರಿಸಬಹುದು ಅಂತ ಕಂಡಿತು. ಆದರೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2018ರ ಕಾಕ್ರೇನ್ ವಿಮರ್ಶೆ, ಪಾರ್ಶ್ವವಾಯು, ಗೊಂದಲ, ಸಾವು ಇವುಗಳ ಮೇಲಿನ ಪರಿಣಾಮ ಖಚಿತವಾಗಿಲ್ಲ ಅಂದಿತು. ನಂಬರ್ ಏರಿಸಬಹುದು ಅನ್ನುವುದು ಗಟ್ಟಿ. ಏರಿಸಿದರೆ ಎಲ್ಲ ರೋಗಿಗಳಿಗೂ ಒಳ್ಳೆಯದಾಗುತ್ತದೆ ಅನ್ನುವುದು ಇನ್ನೂ ಗಟ್ಟಿಯಾಗಿಲ್ಲ. ಆದರೂ ಹೊರಳಿದ ತಲೆ, ಜರುಗಿದ ಕ್ಯಾನ್ಯುಲಾ, ಜೋರಾದ ವೆಂಟಿಲೇಟರ್ ಇವುಗಳನ್ನು ಹಿಡಿದುಕೊಡುವ ಕೆಲಸಕ್ಕೆ ಅದನ್ನು ನಾನು ಬಿಡುವುದಿಲ್ಲ.

ಹಂತ 6: ಬರೆದಿಡಿ, ಒಪ್ಪಿಸಿ, ಪಟ್ಟಿ ತೆಗೆಯಿರಿ

ಪ್ರತಿ ಮುಖ್ಯ ಘಟ್ಟದಲ್ಲಿ ಯಂತ್ರದಲ್ಲಿ ಗುರುತು ಹಾಕಿ: ಅರಿವಳಿಕೆ, ಮಷೀನ್ ಶುರು, ಕ್ಲ್ಯಾಂಪ್, ಬೆಚ್ಚಗೆ ಮಾಡಿದ್ದು, ಮಷೀನ್ ಬಿಟ್ಟದ್ದು. ಆಮೇಲೆ ಗ್ರಾಫ್ ನೋಡುವಾಗ ಯಾವ ತಗ್ಗು ಯಾವುದರದ್ದು ಅಂತ ತಿಳಿಯುತ್ತದೆ.

ಐಸಿಯುಗೆ ಒಪ್ಪಿಸುವಾಗ ಸ್ಯಾಚುರೇಷನ್ ಚೆನ್ನಾಗಿತ್ತು ಅಂತ ಹೇಳಿ ಹೊರಟುಬಿಡಬೇಡಿ. ಬೇಸ್‌ಲೈನ್ ಎಷ್ಟು, ಅತಿ ಕಡಿಮೆ ಎಷ್ಟು, ಯಾವ ಬದಿ, ಎಷ್ಟು ನಿಮಿಷ, ಏನು ಮಾಡಿದಾಗ ಏರಿತು ಅಂತ ಹೇಳಿ. ಎಡಬದಿ ಹತ್ತು ನಿಮಿಷ 45ರಲ್ಲಿತ್ತು ಅಂತ ಗೊತ್ತಿದ್ದ ನರ್ಸ್, ರೋಗಿ ಎಚ್ಚರಾದ ಕೂಡಲೇ ಬಲಗೈ ಹಿಡಿದು ಗಟ್ಟಿಯಾಗಿ ಅದುಮಿ ಅನ್ನುತ್ತಾರೆ, ಹೆಸರು ಹೇಳಿಸುತ್ತಾರೆ. ಬಿಪಿ ಇನ್ನೂ ಏರುಪೇರಾಗುತ್ತಿದ್ದರೆ ಪಟ್ಟಿಗಳನ್ನು ಕೆಲವು ಗಂಟೆ ಹಾಗೇ ಬಿಡಿ.

ತೆಗೆಯುವಾಗ ಸರಕ್ಕನೆ ಎಳೆಯಬೇಡಿ. ವಯಸ್ಸಾದವರ, ಹಸುಗೂಸುಗಳ ಚರ್ಮ ಪಟ್ಟಿಯ ಜೊತೆಗೇ ಬರುತ್ತದೆ. ಅಂಚನ್ನು ಒದ್ದೆ ಹತ್ತಿಯಿಂದ ನೆನೆಸಿ, ಒಂದು ಬೆರಳಿನಿಂದ ಚರ್ಮ ಒತ್ತಿ ಹಿಡಿದು, ನಿಧಾನಕ್ಕೆ ಹೊರಳಿಸುತ್ತಾ ಬಿಡಿಸಿ. ಹಣೆ ಕೆಂಪಾಗಿದ್ದರೆ ಅದನ್ನೂ ಚಾರ್ಟಿನಲ್ಲಿ ಬರೆಯಿರಿ.